ಎದೆಯ ಮೇಲಿನ ಹೆಸರು

ಸಭೆ, ಸಮ್ಮೇಳನ, ವಿಚಾರಸಂಕಿರಣಗಳಿಗೆ ಹೋಗಿಬರುವ ಅಭ್ಯಾಸವುಳ್ಳವರ ಮನೆಯಲ್ಲಿ ಮೇಜಿನ ಖಾನೆಯೊಂದನ್ನು ಎಳೆದು ನೋಡಿದರೆ ವಿಚಿತ್ರವಾದೊಂದು ಸಂಗ್ರಹ ಕಣ್ಣಿಗೆ ಬೀಳುತ್ತದೆ. ಬಣ್ಣಬಣ್ಣದ ಕೊರಳಪಟ್ಟಿಗಳು, ಅವುಗಳ ತುದಿಗೆ ಪ್ಲಾಸ್ಟಿಕ್ ಚೀಲಗಳು, ಚೀಲಗಳೊಳಗೆ ಮನೆಯೊಡೆಯನ ಅಥವಾ ಒಡತಿಯ ಹೆಸರು ಹೊತ್ತ ಚೀಟಿಗಳು. ಒಂದರಲ್ಲಿ ಹೆಸರಿನ ಮುಂದೆ ‘ಡಾ.’ ಇದೆ, ಇನ್ನೊಂದರಲ್ಲಿ, ಅದೇ ವರ್ಷದ್ದಾದರೂ, ಇಲ್ಲ. ಮತ್ತೊಂದರಲ್ಲಿ ಊರಿನ ಮೊದಲಕ್ಷರ ತಪ್ಪಿದೆ. ಎಸೆಯೋಣವೆಂದರೆ ಮನಸ್ಸು ಬಾರದು; ಹೆಸರಿದೆಯಲ್ಲ! ಇಟ್ಟುಕೊಳ್ಳೋಣವೆಂದರೆ ಪ್ರಯೋಜನ ತೋರದು. ಕಸದ ಬುಟ್ಟಿಗೂ ಸಲ್ಲದೆ ಕಡತಕ್ಕೂ ಸಲ್ಲದೆ ಅವು ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತವೆ.

ಇಂಥ ಕ್ಷುದ್ರವಸ್ತುವನ್ನು ಕುರಿತು ಒಂದು ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ಚೀಟಿ ಕ್ಷುದ್ರವೆಂಬುದು ನಿಜ. ಅದರ ಮೇಲಿನ ಹೆಸರನ್ನು ಹಾಗೆನ್ನಲಾಗದು. ಒಬ್ಬರ ಹೆಸರನ್ನು ಅವರ ಬಾಯಿಂದ ಕೇಳಿ ತಿಳಿಯುವುದು ಒಂದು. ಅವರು ಬಾಯಿ ತೆರೆಯುವುದಕ್ಕೆ ಮೊದಲೇ ಅವರ ಎದೆಯ ಮೇಲೆ ಓದಿ ತಿಳಿಯುವುದು ಮತ್ತೊಂದು. ಮೊದಲನೆಯದರಲ್ಲಿ ಹೇಳುವವರಿಗೆ ಒಂದು ಕ್ಷಣದ ಸ್ವಾತಂತ್ರ್ಯವುಂಟು. ಹೇಳಲೋ ಬೇಡವೋ, ಎಷ್ಟು ಹೇಳಲಿ, ಯಾವ ಹೆಸರನ್ನು ಹೇಳಲಿ ಎಂದು ಯೋಚಿಸುವಷ್ಟು ಅವಕಾಶವುಂಟು. ಎರಡನೆಯದರಲ್ಲಿ ಆ ಕ್ಷಣವೇ ಇಲ್ಲ. ಈ ಅಂತರವನ್ನು ನಮ್ಮ ಸಮ್ಮೇಳನಗಳ ವ್ಯವಸ್ಥಾಪಕರಾಗಲಿ ಪ್ರತಿನಿಧಿಗಳಾಗಲಿ ಗಮನಕ್ಕೆ ತಂದುಕೊಂಡಂತೆ ಕಾಣುವುದಿಲ್ಲ.

ಬ್ಯಾಡ್ಜಿಗೆ ಕನ್ನಡದಲ್ಲಿ ‘ಬಿಲ್ಲೆ’ ಎಂಬ ಒಳ್ಳೆಯ ಮಾತಿದೆ. ಹಿಂದೆ ಕಚೇರಿಯ ಜವಾನನ ಎದೆಗೆ ಅಡ್ಡಲಾಗಿ ಬಿಗಿದ ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ ಥಳಥಳಿಸುತ್ತಿತ್ತು. ರೈಲು ನಿಲ್ದಾಣದ ಹಮಾಲಿಯ ತೋಳಿನ ಮೇಲೂ ಒಂದು ಬಿಲ್ಲೆ. ಜವಾನನ ಬಿಲ್ಲೆಯ ಮೇಲೆ ಕಚೇರಿಯ ಹೆಸರು, ಹಮಾಲಿಯ ಬಿಲ್ಲೆಯ ಮೇಲೆ ಒಂದು ಸಂಖ್ಯೆ. ಆ ಮನುಷ್ಯರ ಹೆಸರನ್ನು ಬಿಲ್ಲೆಯ ಮೇಲೆ ಕೆತ್ತಬೇಕೆಂದು ಯಾರಿಗೂ ತೋರಲಿಲ್ಲ. ಬಿಲ್ಲೆ ಧರಿಸಬೇಕಾದವನು ಕೆಳಗಿನವನು, ಮೇಲಿನವನಿಗೆ ಅದು ಬೇಡ ಎಂಬುದು ಆ ಕಾಲದ ಕ್ರಮ. ಆ ಕ್ರಮದ ಒಂದು ಎಳೆ ಇಂದಿಗೂ ಕಡಿದಿಲ್ಲ. ವೇದಿಕೆಯ ಮೇಲೆ ಕುಳಿತವರನ್ನು ನೋಡಿ: ಅವರ ಎದೆಗೆ ರೇಷ್ಮೆಯ ನೆರಿಗೆ ಹಿಡಿದ, ದಾಸವಾಳದಷ್ಟು ದೊಡ್ಡದಾದ ಬಿಲ್ಲೆಯನ್ನು ಚುಚ್ಚಿರುತ್ತಾರೆ, ಅದರ ಮೇಲೆ ‘ಅಧ್ಯಕ್ಷರು’ ಎಂದೋ ‘ಮುಖ್ಯ ಅತಿಥಿಗಳು’ ಎಂದೋ ಇರುತ್ತದೆ, ಹೆಸರಿರುವುದಿಲ್ಲ. ಅವರ ಹೆಸರನ್ನು ಬಲ್ಲೆವೆಂದು ನಾವು ನಟಿಸಬೇಕಾದದ್ದು ಸಭಾಮರ್ಯಾದೆ. ಹೆಸರಿನ ಚೀಟಿ ಕೆಳಗೆ ಕುಳಿತ ನಮಗೆ.

ಹೀಗೆಂದ ಮಾತ್ರಕ್ಕೆ ಚೀಟಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರಿಂದ ಆಗುವ ಉಪಕಾರ ದೊಡ್ಡದು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೊದಲನೆಯ ಸಾಹಿತ್ಯ ಸಮ್ಮೇಳನಕ್ಕೂ, ೨೦೨೪ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಗೊ. ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಸೇರಿದ ಎಂಬತ್ತೇಳನೆಯದಕ್ಕೂ ಅಜಗಜಾಂತರ. ಇಂದಿನ ಜನಸಾಗರದಲ್ಲಿ ಮೂವತ್ತು ವರ್ಷಗಳ ಹಿಂದೆ ಒಂದೇ ಬೆಂಚಿನಲ್ಲಿ ಕುಳಿತು ಎಂ. ಎ. ಓದಿದವನು ಎದುರಾದಾಗ, ಅವನ ತಲೆ ನರೆತು ಹೊಟ್ಟೆ ಮುಂದೆ ಬಂದು ಗುರುತು ಸಿಗದೆ ಹೋದಾಗ, ಕಣ್ಣು ಮೆಲ್ಲಗೆ ಕೆಳಗಿಳಿದು ಚೀಟಿಯನ್ನು ಮುಟ್ಟಿ ಮೇಲೆದ್ದು ಬಂದರೆ ಸ್ನೇಹ ಉಳಿಯುತ್ತದೆ. ಮರೆವು ಹೆಚ್ಚುತ್ತಿರುವ ವಯಸ್ಸಿನವರಿಗೆ ಇದಕ್ಕಿಂತ ದೊಡ್ಡ ಆಸರೆಯಿಲ್ಲ. ಇನ್ನು ಊಟದ ಸಾಲಿನಲ್ಲಿ ಅದರ ಮಹಿಮೆಯನ್ನು ನಾನು ವರ್ಣಿಸಬೇಕಾಗಿಲ್ಲ. ಗೋಷ್ಠಿಯಲ್ಲಿ ಚೀಟಿಯನ್ನು ಜೇಬಿಗಿಳಿಸಿ ಕೂತಿದ್ದವರು ಕೂಡ ಪ್ರತಿನಿಧಿಗಳ ಭೋಜನಶಾಲೆಯ ಬಾಗಿಲಲ್ಲಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಡೆಯುವ ಗಾಂಭೀರ್ಯವನ್ನು ಕಂಡವರೇ ಬಲ್ಲರು.

ಚೀಟಿಯನ್ನು ಎಲ್ಲಿ ಧರಿಸಬೇಕೆಂಬುದಕ್ಕೆ ಪಾಶ್ಚಾತ್ಯರಲ್ಲಿ ಒಂದು ಶಿಷ್ಟಾಚಾರವಿದೆ: ಕೋಟಿನ ಬಲಭಾಗದಲ್ಲಿ, ಭುಜಕ್ಕೆ ಸಮೀಪವಾಗಿ. ಕೈ ಕುಲುಕಲು ಬಲಗೈ ಮುಂದೆ ಬರುವಾಗ ಎದುರಿನವರ ದೃಷ್ಟಿ ತೋಳಿನ ಗುಂಟ ಸಹಜವಾಗಿ ಅತ್ತ ಹರಿದು ಹೆಸರನ್ನು ಓದುತ್ತದೆಂಬುದು ಅದರ ತರ್ಕ. ತರ್ಕ ಚೆನ್ನಾಗಿದೆ, ಆದರೆ ಅದು ಕೋಟು ತೊಟ್ಟು ಕೈ ಕುಲುಕುವವರ ತರ್ಕ. ನಮ್ಮ ನಮಸ್ಕಾರದಲ್ಲಿ ಎರಡೂ ಕೈ ಎದೆಯ ಮುಂದೆ ಕೂಡುತ್ತವೆ. ಹೆಸರು ಹೇಳಬೇಕಾದ ಸಮಯಕ್ಕೆ ಸರಿಯಾಗಿ ಕೊರಳಿಂದ ಇಳಿಬಿದ್ದ ಚೀಟಿಯನ್ನು ಮುಚ್ಚುತ್ತವೆ. ಅಲ್ಲದೆ ಆ ಚೀಟಿಗೆ ತಿರುಗಿಕೊಳ್ಳುವ ಚಾಳಿಯುಂಟು. ಹತ್ತರಲ್ಲಿ ಆರು ಜನ ತಮ್ಮ ಹೆಸರನ್ನು ಹೊಟ್ಟೆಗೆ ಒತ್ತಿ, ಬಿಳಿಯ ಬೆನ್ನನ್ನು ಲೋಕಕ್ಕೆ ತೋರುತ್ತ ನಡೆಯುತ್ತಾರೆ. ಎರಡು ಬದಿಯಲ್ಲೂ ಅಚ್ಚು ಹಾಕಿಸಿದರೆ ತೀರುವ ತೊಂದರೆ ಇದು; ಹಾಕಿಸುವವರು ವಿರಳ.

ಹೆಂಗಸರ ಪಾಡು ಬೇರೆ. ಸೀರೆಗೆ ಕೋಟಿನ ಕಾಲರಿಲ್ಲ. ಪಿನ್ನು ಚುಚ್ಚಿದರೆ ರೇಷ್ಮೆ ತೂತಾಗುತ್ತದೆ. ಕೊರಳಿಗೆ ಹಾಕಿಕೊಂಡರೆ ಚೀಟಿ ಎದೆಯ ನಡುವೆ ತೂಗುತ್ತದೆ. ಅದನ್ನು ಓದುವ ನೆಪದಲ್ಲಿ ಎದುರಿನವರ ಕಣ್ಣು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಅಧ್ಯಾಪಕಿಯರನೇಕರು ಪಟ್ಟಿಯನ್ನು ಗಂಟುಹಾಕಿ ಗಿಡ್ಡ ಮಾಡಿಕೊಳ್ಳುವುದನ್ನೋ, ಚೀಟಿಯನ್ನು ಕೈಚೀಲದ ಹಿಡಿಗೆ ಸಿಕ್ಕಿಸಿಕೊಳ್ಳುವುದನ್ನೋ ನಾನು ಕಂಡಿದ್ದೇನೆ. ಅದು ಅಲಂಕಾರಕ್ಕಲ್ಲ. ಇದನ್ನು ನೋಡಿಯೂ ‘ಬ್ಯಾಡ್ಜನ್ನು ಎಲ್ಲರಿಗೂ ಕಾಣುವಂತೆ ಧರಿಸತಕ್ಕದ್ದು’ ಎಂದು ಧ್ವನಿವರ್ಧಕದಲ್ಲಿ ಸಾರುವ ವ್ಯವಸ್ಥಾಪಕರು ಒಂದು ಸಣ್ಣ ನಿಷ್ಠುರತೆಯನ್ನು ತೋರುತ್ತಿದ್ದಾರೆಂದೇ ನನ್ನ ಎಣಿಕೆ.

ಹೆಸರನ್ನು ವಸ್ತುವಿನ ಮೇಲೆ ಬರೆದು ಧರಿಸುವುದರ ಸೊಗಸನ್ನೂ ಅಪಾಯವನ್ನೂ ಕಾಳಿದಾಸನಷ್ಟು ಚೆನ್ನಾಗಿ ಅರಿತವರು ಅಪೂರ್ವ. ಬಸವಪ್ಪಶಾಸ್ತ್ರಿಗಳ ಅನುವಾದದ ಮೂಲಕ ಕನ್ನಡಿಗರಿಗೆ ಮನೆಮಾತಾದ ಶಾಕುಂತಲದ ಮೊದಲನೆಯ ಅಂಕವನ್ನು ನೆನೆಯಿರಿ. ದುಷ್ಯಂತ ಆಶ್ರಮದಲ್ಲಿ ತಾನಾರೆಂಬುದನ್ನು ಹೇಳಿಕೊಂಡಿಲ್ಲ. ಗಿಡಗಳಿಗೆ ನೀರೆರೆಯುವ ಸಾಲ ತೀರಿಸದೆ ಹೋಗಕೂಡದೆಂದು ಪ್ರಿಯಂವದೆ ಶಕುಂತಲೆಯನ್ನು ತಡೆದಾಗ, ಆ ಸಾಲಕ್ಕೆ ಬದಲಾಗಿ ಅವನು ತನ್ನ ಉಂಗುರವನ್ನು ಕಳಚಿ ನೀಡುತ್ತಾನೆ. ಸಖಿಯರಿಬ್ಬರೂ ಅದರ ಮೇಲಿನ ಅಕ್ಷರಗಳನ್ನು ಓದುತ್ತಾರೆ. ಓದಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಆ ನೋಟವನ್ನು ನಾವೆಲ್ಲರೂ ಬಲ್ಲೆವು. ಸಮ್ಮೇಳನದಲ್ಲಿ ಅಪರಿಚಿತರೊಬ್ಬರೊಡನೆ ಹವೆಯನ್ನೋ ಉಪ್ಪಿಟ್ಟನ್ನೋ ಕುರಿತು ಮಾತನಾಡುತ್ತಿರುವಾಗ ಅವರ ಚೀಟಿ ತಟ್ಟನೆ ತಿರುಗಿ ದೊಡ್ಡದೊಂದು ಹೆಸರು ಕಂಡರೆ, ನಮ್ಮ ಮುಖದಲ್ಲಿ ಮೂಡುವುದು ಅದೇ ನೋಟ. ಅಲ್ಲಿಂದ ಮುಂದೆ ಉಪ್ಪಿಟ್ಟಿನ ಮಾತು ಹೊರಡುವುದಿಲ್ಲ. ದುಷ್ಯಂತ ಚತುರ, ಅದು ಅರಸನು ಕೊಟ್ಟದ್ದು, ತನ್ನನ್ನು ರಾಜಪುರುಷನೆಂದು ತಿಳಿಯಿರಿ ಎಂದು ಮಾತನ್ನು ತೇಲಿಸುತ್ತಾನೆ. ತಾನು ಹೇಳದಿದ್ದುದನ್ನು ಉಂಗುರ ಹೇಳಿಬಿಟ್ಟಿತಲ್ಲ ಎಂಬ ಪೇಚು ಅವನದು.

ಅದೇ ಉಂಗುರ ಆರನೆಯ ಅಂಕದಲ್ಲಿ ಮೀನಿನ ಹೊಟ್ಟೆಯಿಂದ ಹೊರಬಂದು ಬೆಸ್ತನೊಬ್ಬನ ಕೈಗೆ ಸಿಕ್ಕುತ್ತದೆ. ಮೇಲೆ ರಾಜನ ಹೆಸರಿದೆ. ಇಷ್ಟೇ ಸಾಕಾಯಿತು, ಕಾವಲುಗಾರರು ಅವನನ್ನು ಕಟ್ಟಿ ಬಡಿಯುತ್ತಾರೆ. ಕೊನೆಗೆ ಅವನಿಗೆ ಬಹುಮಾನ ದೊರೆಯುತ್ತದೆಂಬುದು ಬೇರೆ ಮಾತು. ಹೆಸರು ತನ್ನ ಒಡೆಯನಿಂದ ಬೇರ್ಪಟ್ಟು ಎಲ್ಲಿಗೆ ತೇಲಿಹೋಗುತ್ತದೆ, ಯಾರ ಕೈ ಸೇರುತ್ತದೆ, ಅಲ್ಲಿ ಯಾರಿಗೆ ಏನನ್ನು ತರುತ್ತದೆ ಎಂಬುದು ಧರಿಸಿದವರ ಅಂಕೆಯಲ್ಲಿಲ್ಲ.

ಇದಕ್ಕೆ ಎದುರಾಗಿ ಸುಂದರಕಾಂಡದ ಹನುಮಂತನನ್ನು ನಿಲ್ಲಿಸಿ ನೋಡಬಹುದು. ಅವನ ಬಳಿಯೂ ಹೆಸರು ಕೆತ್ತಿದ ಉಂಗುರವಿದೆ. ಆದರೆ ಅವನು ಮರದಿಂದ ಧುಮುಕಿ ಅದನ್ನು ಸೀತೆಯ ಮುಖಕ್ಕೆ ಹಿಡಿಯುವುದಿಲ್ಲ. ಯಾವ ಭಾಷೆಯಲ್ಲಿ ಮಾತನಾಡಿದರೆ ಅವಳು ಬೆದರದೆ ಇದ್ದಾಳು ಎಂದು ಕೊಂಬೆಯ ಮರೆಯಲ್ಲಿ ಕುಳಿತು ಯೋಚಿಸುತ್ತಾನೆ. ಮೊದಲು ಕಥೆ ಹೇಳುತ್ತಾನೆ. ಅವಳ ಸಂಶಯಗಳಿಗೆ ಉತ್ತರ ಕೊಡುತ್ತಾನೆ. ಉಂಗುರ ಹೊರಗೆ ಬರುವುದು ಆ ಬಳಿಕ. ಪರಿಚಯವೆಂಬುದಕ್ಕೆ ಒಂದು ಕ್ರಮವುಂಟೆಂದು ವಾಲ್ಮೀಕಿಗಳು ಬಲ್ಲರು. ನಮ್ಮಲ್ಲಿ ಆ ಕ್ರಮ ತಲೆಕೆಳಗಾಗಿದೆ: ಮೊದಲು ಚೀಟಿ, ಆಮೇಲೆ ಬೇಕೆನಿಸಿದರೆ ಮಾತು.

ಬೇಕೆನಿಸಿದರೆ ಎಂದೆ. ಬೇಕೇ ಬೇಡವೇ ಎಂಬುದನ್ನು ಚೀಟಿಯ ಮೇಲೆ ಏನನ್ನು ಓದಿ ನಿರ್ಧರಿಸುತ್ತೇವೆಂಬುದು ಮುಜುಗರದ ಪ್ರಶ್ನೆ. ಕನ್ನಡನಾಡಿನ ಹೆಸರುಗಳು ಬರಿಯ ಹೆಸರುಗಳಲ್ಲ. ಹಳೆಯ ಮೈಸೂರಿನ ಕಡೆ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಮೊದಲಕ್ಷರಗಳು. ಉತ್ತರದ ಜಿಲ್ಲೆಗಳಲ್ಲಿ ಹಿಂದೆ ಅಡ್ಡಹೆಸರು. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಹಡಪದ, ಮಡಿವಾಳರ ಎಂಬ ಅಡ್ಡಹೆಸರುಗಳನ್ನು ಓದಿದವರಿಗೆ ಮನೆತನದ ಕಸುಬು ತಿಳಿಯಿತು. ಕಸುಬು ತಿಳಿದರೆ ನಮ್ಮ ದೇಶದಲ್ಲಿ ಉಳಿದದ್ದೆಲ್ಲ ತಿಳಿದಂತೆಯೇ. ಕರಾವಳಿಯ ಭಟ್ಟ, ಶೆಟ್ಟಿ, ಪೂಜಾರಿ, ಕಾಮತರ ಮಾತೂ ಅಷ್ಟೆ. ಅಡ್ಡಹೆಸರಿಲ್ಲದ ಚೀಟಿಯೆದುರು ಕೆಲವರು ಪಡುವ ಸಂಕಟ ನೋಡುವಂಥದು. ‘ತಮ್ಮದು ಯಾವ ಊರು?’ ಎಂದು ತೊಡಗುತ್ತದೆ, ಊರಾಯಿತು, ಕೇರಿ, ಕೇರಿಯಾಯಿತು, ‘ಅಲ್ಲಿ ಇಂಥವರು ನಿಮಗೆ ಏನಾಗಬೇಕು?’ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ತಳ ಮುಟ್ಟಿದ ಮೇಲೆಯೇ ಅವರಿಗೆ ಸಮಾಧಾನ. ಅಡ್ಡಹೆಸರನ್ನು ಬೇಕೆಂದೇ ಬಿಟ್ಟ ಅಧ್ಯಾಪಕರೊಬ್ಬರು ನನ್ನ ಮಿತ್ರರು. ವಿಚಾರಸಂಕಿರಣವೊಂದರ ವ್ಯವಸ್ಥಾಪಕರು ಅವರ ಗುರುತಿನ ಪತ್ರದಿಂದ ಅದನ್ನು ಹುಡುಕಿ ತೆಗೆದು, ‘ಹೆಸರು ಅಪೂರ್ಣವಾಗಿತ್ತು’ ಎಂಬ ಸದುದ್ದೇಶದಿಂದಲೇ ಅಚ್ಚು ಹಾಕಿಸಿದ್ದರು. ಅವರು ಎರಡು ದಿನವೂ ಅದನ್ನು ಕೊರಳಿಗೆ ಹಾಕಿಕೊಂಡೇ ಇದ್ದರು. ಮೊದಲ ದಿನ ಊಟಕ್ಕೆ ತಮ್ಮ ಪಕ್ಕದಲ್ಲಿ ಕುಳಿತವರು ಎರಡನೆಯ ದಿನ ಬೇರೆ ಪಂಕ್ತಿ ನೋಡಿಕೊಂಡರೆಂದು ನಗುತ್ತ ಹೇಳಿದರು. ನಗುತ್ತಲೇ ಹೇಳಿದರು.

ಈ ಪ್ರಶ್ನೆ ಹೊಸದಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಗುರು ಹಾರಿದ್ರುಮತ ಗೌತಮ ಬಾಲಕನನ್ನು ಕೇಳುವುದು ಇದನ್ನೇ: ನಿನ್ನ ಗೋತ್ರ ಯಾವುದು? ಹುಡುಗ ತನಗೆ ತಿಳಿಯದೆಂದು, ತಾಯಿ ಜಬಾಲೆಗೂ ತಿಳಿಯದೆಂದು, ತಾಯಿಯ ಹೆಸರಿನಿಂದ ತಾನು ಸತ್ಯಕಾಮ ಜಾಬಾಲನೆಂದು ನೇರವಾಗಿ ಹೇಳುತ್ತಾನೆ. ಗುರು ಆ ಉತ್ತರವನ್ನು ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದನೆಂಬ ಭಾಗವನ್ನು ನಾವು ತರಗತಿಯಲ್ಲಿ ಉತ್ಸಾಹದಿಂದ ಹೇಳುತ್ತೇವೆ. ಹುಡುಗನಿಗೆ ಉತ್ತರ ಕೊಡುವ ಅವಕಾಶ ಸಿಕ್ಕಿತೆಂಬುದನ್ನು ಹೇಳುವುದಿಲ್ಲ. ಗೋತ್ರದ ಜಾಗ ಖಾಲಿ ಬಿಟ್ಟ ಚೀಟಿಯೊಂದು ಅವನ ಕೊರಳಲ್ಲಿದ್ದಿದ್ದರೆ ಪ್ರಶ್ನೆಯೂ ಬರುತ್ತಿರಲಿಲ್ಲ, ಉತ್ತರವೂ ಬರುತ್ತಿರಲಿಲ್ಲ; ಬಾಗಿಲಲ್ಲೇ ತೀರ್ಮಾನವಾಗುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಂದವನನ್ನು ಯಾರವನೆಂದು ವಿಚಾರಿಸುವ ಪ್ರವೃತ್ತಿಯನ್ನೇ ಹಿಡಿದು ಅಲುಗಿಸಿದರು. ಆ ವಚನ ಬಾಯಿಪಾಠವಾಗಿಲ್ಲದ ಕನ್ನಡ ಅಧ್ಯಾಪಕ ಇರಲಾರ. ಅದನ್ನು ವೇದಿಕೆಯ ಹಿಂದಿನ ಪರದೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆಸಿ, ಎದುರಿಗೆ ಕುಳಿತವರ ಚೀಟಿಗಳನ್ನು ಓರೆಗಣ್ಣಿಂದ ಓದುತ್ತ ಕೂರುವುದು ನಮ್ಮಿಂದ ಮಾತ್ರ ಆದೀತು.

ಹೆಸರನ್ನು ಆರಿಸಿಕೊಳ್ಳುವ ಹಕ್ಕನ್ನು ಸಾಹಿತಿಗಳಿಗೆ ನಾವು ಧಾರಾಳವಾಗಿ ಕೊಟ್ಟಿದ್ದೇವೆ. ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟುಕೊಂಡು ಅಂಬಿಕಾತನಯದತ್ತರಾದರು. ಜಾಗೀರದಾರ ಎಂಬ ಮನೆತನದ ಹೆಸರಿನವರು ಶ್ರೀರಂಗರಾದರು, ಆದ್ಯ ರಂಗಾಚಾರ್ಯರೂ ಆದರು. ಕುಳಕುಂದ ಶಿವರಾಯರು ನಿರಂಜನರಾದರು. ಅನಸೂಯಾ ಶಂಕರ್ ತ್ರಿವೇಣಿಯಾದರು. ಇವರಲ್ಲಿ ಯಾರೊಬ್ಬರನ್ನಾದರೂ ‘ಅಧಿಕೃತ ದಾಖಲೆಯಲ್ಲಿರುವ ಹೆಸರನ್ನೇ ಬರೆಯತಕ್ಕದ್ದು’ ಎಂದು ನೋಂದಣಿಯ ಮೇಜಿನ ಹಿಂದೆ ಕುಳಿತವರು ಒತ್ತಾಯಿಸುತ್ತಿದ್ದರೆ? ಕವಿಗೆ ಸಲ್ಲುವ ಈ ಗೌರವ ಸಾಮಾನ್ಯ ಪ್ರತಿನಿಧಿಗೂ ಸಲ್ಲಬೇಕು. ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಂಡವರು, ಮದುವೆ ಮುರಿದರೂ ದಾಖಲೆಯಲ್ಲಿ ಪತಿಯ ಹೆಸರನ್ನು ಹೊತ್ತವರು, ಜಾತಿಸೂಚಕವನ್ನು ಕೈಬಿಟ್ಟವರು, ಹುಟ್ಟಿನಲ್ಲಿ ಇಟ್ಟ ಹೆಸರನ್ನು ದೇಹದೊಡನೆ ಹೊಂದಿಸಲಾರದೆ ಬೇರೊಂದನ್ನು ತಾವೇ ಆರಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನಕ್ಕೆ ಬಂದ, ೨೦೨೧ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಹೆಸರನ್ನು ಇಂದು ನಾಡೇ ಗೌರವದಿಂದ ಹೇಳುತ್ತದೆ. ಆ ಎತ್ತರಕ್ಕೆ ಏರದ, ಏರಬೇಕಾಗಿಯೂ ಇಲ್ಲದ ಒಬ್ಬ ವಿದ್ಯಾರ್ಥಿನಿ ತನ್ನ ಹೆಸರು ಇಂಥದು ಎಂದಾಗ ಅದನ್ನೇ ಬರೆದುಕೊಡುವುದಕ್ಕೆ ಪ್ರಶಸ್ತಿಯ ಸಮರ್ಥನೆ ಏಕೆ ಬೇಕು? ಚೀಟಿಯ ಮೇಲೆ ಏನಿರಬೇಕೆಂದು ಮೊದಲೇ ಕೇಳಿದರೆ ಮುಗಿಯಿತು. ನೋಂದಣಿಯ ಪತ್ರದಲ್ಲಿ ಒಂದೇ ಒಂದು ಸಾಲಿನ ಕೆಲಸ.

ಇನ್ನು ಸಭಾಂಗಣದ ಹೊರಗಣ ಸಂಗತಿ. ನನ್ನ ವಿದ್ಯಾರ್ಥಿನಿಯೊಬ್ಬಳು ದೂರದ ಊರಿನ ವಿಚಾರಸಂಕಿರಣದಲ್ಲಿ ಪ್ರಬಂಧ ಓದಿ ಸಂಜೆ ಬಸ್ಸಿಗಾಗಿ ಕಾಯುತ್ತಿದ್ದಳು. ಅಪರಿಚಿತನೊಬ್ಬ ಅವಳನ್ನು ಹೆಸರು ಹಿಡಿದು ಕರೆದು, ಅವಳ ಕಾಲೇಜಿನ ಹೆಸರನ್ನೂ ಹೇಳಿ, ಪರಿಚಯವಿದ್ದವನಂತೆ ಮಾತಿಗೆ ತೊಡಗಿದನಂತೆ. ತಂದೆಯ ಸ್ನೇಹಿತರಿರಬೇಕೆಂದು ಅವಳು ಐದು ನಿಮಿಷ ವಿನಯದಿಂದ ಉತ್ತರ ಕೊಟ್ಟಳು. ಆಮೇಲೆ ಕೊರಳ ಚೀಟಿಯ ಕಡೆಗೆ ಅವಳ ಕೈ ಹೋಯಿತು. ಬಸ್ಸು ಬಂದದ್ದರಿಂದ ಕೆಡುಕೇನೂ ಆಗಲಿಲ್ಲ. ಆದರೆ ಅಂದಿನಿಂದ ಸಭಾಂಗಣದ ಹೊಸ್ತಿಲು ದಾಟುವ ಮೊದಲೇ ಅವಳು ಚೀಟಿಯನ್ನು ತೆಗೆದು ಚೀಲಕ್ಕೆ ಹಾಕುತ್ತಾಳೆ. ಗೆಳತಿಯರಿಗೂ ಹಾಗೆಯೇ ಹೇಳಿಕೊಟ್ಟಿದ್ದಾಳೆ. ಹೆಸರು ತಿಳಿದವನು ಪರಿಚಿತ ಎಂಬ ನಂಬಿಕೆ ನಮ್ಮ ಮನಸ್ಸಿನಲ್ಲಿ ಬಹಳ ಆಳದಲ್ಲಿದೆ. ಬಹುಶಃ ಊರು ಚಿಕ್ಕದಾಗಿದ್ದ ಕಾಲದಿಂದ ಬಂದದ್ದು. ಅಪರಿಚಿತನ ಬಾಯಲ್ಲಿ ನಮ್ಮ ಹೆಸರು ಬಂದೊಡನೆ ಅರ್ಧ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ.

ಇದಕ್ಕೆ ‘ಖಾಸಗಿತನ’ ಎಂಬ ಮಾತನ್ನು ಇಂದಿನ ಪತ್ರಿಕೆಗಳು ಬಳಸುತ್ತವೆ. ಖಾಸಗಿ ಎಂಬುದು ಅರಬ್ಬಿಯಿಂದ ಪಾರಸಿಯನ್ನು ಹಾದು ಬಂದ ಮಾತು. ಅದರಲ್ಲಿ ಒಡೆತನದ ವಾಸನೆ ಹೆಚ್ಚು. ಗೋಪ್ಯವೆಂದರೆ ಏನೋ ತಪ್ಪು ಮಾಡಿ ಬಚ್ಚಿಟ್ಟಂತೆ ಕೇಳಿಸುತ್ತದೆ. ನನಗೆ ಇವೆರಡಕ್ಕಿಂತ ಅಚ್ಚಗನ್ನಡದ ‘ಮರೆ’ ಹೆಚ್ಚು ಹಿಡಿಸುತ್ತದೆ. ಮರೆಗೆ ನಿಲ್ಲುವುದು, ಮರೆಮಾಡುವುದು, ಮರೆಹೊಗುವುದು. ಇವುಗಳಲ್ಲಿ ಅಪರಾಧದ ಸೋಂಕಿಲ್ಲ, ಆಸರೆಯ ಭಾವವಿದೆ. ಮರೆಯುವುದು ಎಂಬ ಇನ್ನೊಂದು ಮಾತು ಕಿವಿಗೆ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಸಭೆಯಲ್ಲಿ ಓದಿದ ಹೆಸರನ್ನು ಸಭೆ ಮುಗಿದ ಮೇಲೆ ಮರೆಯಬಲ್ಲವನು ಸಭ್ಯ.

ಸಾರ್ವಜನಿಕ ಸಭೆಗೆ ಬಂದ ಮೇಲೆ ಮರೆ ಎಲ್ಲಿಯದು ಎಂದು ಕೇಳುವವರುಂಟು. ಈ ವಾದಕ್ಕೆ ನ್ಯಾಯಾಲಯದಲ್ಲಿ ಉತ್ತರ ದೊರಕಿಸಿದವರು ಕನ್ನಡಿಗರೊಬ್ಬರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಒಬ್ಬ ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿ ಇದ್ದಾನೆಂಬ ಮಾತ್ರಕ್ಕೆ ಅವನ ಖಾಸಗಿತನ ಕಳೆದುಹೋಗುವುದಿಲ್ಲ, ಅದು ಸ್ಥಳಕ್ಕಲ್ಲ ವ್ಯಕ್ತಿಗೆ ಅಂಟಿಕೊಂಡಿರುವಂಥದು ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನ ಹೆಸರಾಗಿ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ನೆಲೆಸಿದೆ.

ಚೀಟಿಯ ಮೇಲೆ ಈಚೆಗೆ ಸೇರಿಕೊಂಡ ಒಂದು ಕರಿಯ ಚೌಕವನ್ನು ಓದುಗರು ಗಮನಿಸಿರಬಹುದು. ಕ್ಯೂಆರ್ ಕೋಡ್ ಎಂದು ಅದರ ಹೆಸರು. ಹೆಸರನ್ನು ಕಣ್ಣಿನಿಂದ ಓದಬಹುದು. ಈ ಚೌಕವನ್ನು ಯಂತ್ರವೇ ಓದಬೇಕು. ಅದರೊಳಗೆ ಬರಿಯ ನೋಂದಣಿ ಸಂಖ್ಯೆಯಿದೆಯೋ, ದೂರವಾಣಿ, ಮಿಂಚಂಚೆಗಳೂ ಇವೆಯೋ ಎಂಬುದು ಧರಿಸಿದವರಿಗೇ ತಿಳಿಯದು. ದೊಡ್ಡ ದೊಡ್ಡ ವ್ಯಾವಹಾರಿಕ ಸಮ್ಮೇಳನಗಳಲ್ಲಿ ಮಳಿಗೆಯವರು ನಗುನಗುತ್ತ ಫೋನನ್ನು ಈ ಚೌಕಕ್ಕೆ ಹಿಡಿಯುತ್ತಾರೆ. ಮರುವಾರದಿಂದ ಅವರ ಪತ್ರಗಳು ಬರತೊಡಗುತ್ತವೆ. ಚಹದ ಲೋಟ ಕೈಯಲ್ಲಿ ಹಿಡಿದು ನಿಂತವನು ಯಾವಾಗ ಒಪ್ಪಿಗೆ ಕೊಟ್ಟ? ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಇಷ್ಟು ನಾಜೂಕಿಲ್ಲ, ಅಲ್ಲಿ ಪ್ರತಿನಿಧಿಗಳ ಪೂರ್ಣ ಪಟ್ಟಿಯೇ ಸ್ಮರಣಸಂಚಿಕೆಯ ಕೊನೆಗೆ ಅಚ್ಚಾಗುತ್ತದೆ: ಹೆಸರು, ಮನೆಯ ವಿಳಾಸ, ದೂರವಾಣಿ. ಅದೇ ರಾತ್ರಿ ಯಾರೋ ಒಬ್ಬ ಉತ್ಸಾಹಿ ಆ ಪಟ್ಟಿಯನ್ನು ಹಿಡಿದು ಇನ್ನೂರು ಜನರ ವಾಟ್ಸಾಪ್ ಬಳಗ ಕಟ್ಟುತ್ತಾನೆ. ಬೆಳಗಾಗುವುದರೊಳಗೆ ನೂರು ಶುಭೋದಯಗಳು, ಎರಡು ಪುಸ್ತಕ ಬಿಡುಗಡೆಗಳು, ಒಂದು ನಿವೇಶನ ಮಾರಾಟದ ಪ್ರಕಟಣೆ.

ಹಿಂದೆ ನಮ್ಮ ಮಾಸಪತ್ರಿಕೆಗಳು ಲೇಖಕರ ಮನೆಯ ವಿಳಾಸವನ್ನು ಅಚ್ಚು ಹಾಕುತ್ತಿದ್ದವು. ಓದುಗರು ಪತ್ರ ಬರೆಯುತ್ತಿದ್ದರು. ಆ ಪತ್ರಗಳಿಂದ ಎಷ್ಟೋ ಸ್ನೇಹಗಳು ಹುಟ್ಟಿದವು, ನಿಜ. ಆದರೆ ಕಾರ್ಡು ಬರೆಯಬೇಕಾದವನು ಅಂಚೆಯ ಪೆಟ್ಟಿಗೆಯವರೆಗೆ ನಡೆಯಬೇಕಾಗಿತ್ತು. ಆ ನಡಿಗೆಯಲ್ಲಿ ಅರ್ಧದಷ್ಟು ಮಾತುಗಳು ತಾವಾಗಿಯೇ ಉದುರಿಹೋಗುತ್ತಿದ್ದವು. ಈಗ ಉದುರಿಸುವ ದಾರಿಯಿಲ್ಲ. ಆದುದರಿಂದಲೇ, ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯುತ್ತೇವೆಂದು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದನ್ನೂ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂಬುದನ್ನೂ ತತ್ತ್ವವಾಗಿ ಇಟ್ಟುಕೊಂಡಿದೆ. ಊಟದ ಎಲೆಗಳ ಲೆಕ್ಕಕ್ಕೆಂದು ಪಡೆದ ದೂರವಾಣಿ ಸಂಖ್ಯೆ ಊಟದ ಲೆಕ್ಕಕ್ಕೆ ಮಾತ್ರ ಎಂಬುದು ಅದರ ಸಾ‌ರ. ಕಾಯಿದೆ ಬರುವವರೆಗೆ ಇದು ನಮಗೆ ಹೊಳೆಯಬಾರದಾಗಿತ್ತೇ?

ಹೊರದೇಶಗಳಲ್ಲಿ ಈ ವಿಷಯವನ್ನು ಕುರಿತು ಯೋಚಿಸಿದವರ ಎರಡು ಮೂರು ಉಪಾಯಗಳು ನಮಗೂ ಒಗ್ಗುವಂತಿವೆ. ತಮ್ಮ ಭಾವಚಿತ್ರ ತೆಗೆಯುವುದು ಬೇಡವೆನ್ನುವವರಿಗೆ ಕೆಲವು ಸಮ್ಮೇಳನಗಳಲ್ಲಿ ಬೇರೆ ಬಣ್ಣದ ಕೊರಳಪಟ್ಟಿ ಕೊಡುತ್ತಾರೆ. ಛಾಯಾಗ್ರಾಹಕ ಬಣ್ಣ ನೋಡಿ ಕ್ಯಾಮೆರಾವನ್ನು ಬೇರೆಡೆಗೆ ತಿರುಗಿಸುತ್ತಾನೆ. ಅಮೆರಿಕದಲ್ಲಿ ಆಟಿಸಂ ಇರುವವರು ತಾವೇ ಸೇರಿ ನಡೆಸಿದ ಸಮಾವೇಶಗಳಲ್ಲಿ ೧೯೯೦ರ ದಶಕದಲ್ಲೇ ಬಣ್ಣದ ಬಿಲ್ಲೆಗಳನ್ನು ಬಳಕೆಗೆ ತಂದರು. ಇಂದು ಪ್ರಚಾರದಲ್ಲಿರುವ ರೂಪದಲ್ಲಿ, ಹಸುರಾದರೆ ಬಂದು ಮಾತನಾಡಿಸಬಹುದು. ಹಳದಿಯಾದರೆ ಪರಿಚಿತರು ಮಾತ್ರ. ಕೆಂಪಾದರೆ ಸದ್ಯಕ್ಕೆ ಸುಮ್ಮನಿರಲು ಬಿಡಿ. ನಮ್ಮ ಹಿರಿಯ ಸಾಹಿತಿಗಳಲ್ಲಿ ಕೆಂಪು ಬಿಲ್ಲೆಗೆ ಎಷ್ಟು ಬೇಡಿಕೆ ಬಂದೀತೆಂದು ಊಹಿಸಿ ನಾನು ನಕ್ಕದ್ದುಂಟು. ಲಂಡನ್ನಿನ ಚಾತಮ್ ಹೌಸ್ ಎಂಬ ಸಂಸ್ಥೆ ೧೯೨೭ರಲ್ಲಿ ಮಾಡಿಕೊಂಡ ನಿಯಮ ಇನ್ನೂ ಹೆಚ್ಚಿನದು. ಸಭೆಯಲ್ಲಿ ಕೇಳಿದ ವಿಚಾರವನ್ನು ಹೊರಗೆ ಬಳಸಬಹುದು. ಅದನ್ನು ಆಡಿದವರು ಯಾರು, ಯಾವ ಸಂಸ್ಥೆಯವರು ಎಂಬುದನ್ನು ಮಾತ್ರ ಹೊರಗೆಡಹಬಾರದು. ಮಾತು ಲೋಕದ್ದು, ಹೆಸರು ಸಭೆಯದು. ನಮ್ಮ ವಿಶ್ವವಿದ್ಯಾಲಯಗಳ ಸಂಕಿರಣಗಳಲ್ಲಿ ಕಿರಿಯ ಅಧ್ಯಾಪಕರು ಚರ್ಚೆಯ ವೇಳೆ ಬಾಯಿ ಬಿಡದಿರುವುದಕ್ಕೆ ವಿಷಯದ ಅಜ್ಞಾನವೇ ಕಾರಣವೆಂದು ಹಿರಿಯರು ಭಾವಿಸುತ್ತಾರೆ. ಎದುರಿಗೆ ಮುಕ್ಕಾಲಿಯ ಮೇಲೆ ನಿಂತ ಕ್ಯಾಮೆರಾ, ಕೊರಳಲ್ಲಿ ಕಾಲೇಜಿನ ಹೆಸರು, ಸಂಜೆಯೊಳಗೆ ಯೂಟ್ಯೂಬಿಗೆ ಏರುವ ಚಿತ್ರ, ಮುಂದಿನ ತಿಂಗಳು ಬರಬೇಕಾದ ಬಡ್ತಿ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಕಳೆದ ಎರಡು ಸಂಕಿರಣಗಳಿಂದ ಹೆಸರುಗಳನ್ನು ಅಚ್ಚು ಹಾಕಿಸುವುದನ್ನು ನಿಲ್ಲಿಸಿದ್ದೇವೆ. ಬಾಗಿಲ ಬಳಿ ಒಂದು ಮೇಜು, ಮೇಜಿನ ಮೇಲೆ ಖಾಲಿ ಚೀಟಿಗಳು, ದಪ್ಪ ಮೊನೆಯ ನಾಲ್ಕು ಪೆನ್ನುಗಳು, ಪಿನ್ನು ಬೇಕಾದವರಿಗೆ ಪಿನ್ನು, ದಾರ ಬೇಕಾದವರಿಗೆ ದಾರ. ಬಂದವರು ತಮಗೆ ಬೇಕಾದುದನ್ನು ತಾವೇ ಬರೆದುಕೊಳ್ಳಬೇಕು. ಹೋಗುವಾಗ ಬಯಸಿದರೆ ಬಾಗಿಲ ಬುಟ್ಟಿಗೆ ಹಾಕಬಹುದು, ಸಂಜೆ ಅವನ್ನು ಹರಿದುಹಾಕುತ್ತೇವೆ. ಖರ್ಚು ಕಡಮೆಯಾಯಿತೆಂದು ಪ್ರಾಂಶುಪಾಲರು ಮೆಚ್ಚಿದರು. ಬಹುಮಂದಿ ಹೆಸರನ್ನಷ್ಟೇ ಬರೆದರು, ಊರು ಕೂಡ ಇಲ್ಲ. ಒಬ್ಬ ಹುಡುಗಿ ಹೆಸರಿನ ಮೊದಲಕ್ಷರವನ್ನು ಮಾತ್ರ ಬರೆದು ಸುತ್ತಲೂ ಬಳ್ಳಿ ಬಿಡಿಸಿದಳು. ಹಿರಿಯ ಸಂಶೋಧಕರೊಬ್ಬರು ತಮ್ಮ ಹೆಸರು, ಮೂರು ಪದವಿ, ಎರಡು ಪ್ರಶಸ್ತಿಗಳನ್ನು ಬರೆಯುವಷ್ಟರಲ್ಲಿ ಜಾಗ ಮುಗಿದು, ಇನ್ನೊಂದು ಚೀಟಿ ಸಿಕ್ಕೀತೇ ಎಂದು ಕೇಳಿದರು. ಕೊಟ್ಟೆವು.